ಮಳೆಗಾಲದ ಗಾಳಿ, ಏರ್‌ಬ್ರಷ್‌ನ ನೀರಹನಿ

ಏರ್‌ಬ್ರಷ್ (ಒತ್ತಿದ ಗಾಳಿಯಿಂದ ಬಣ್ಣವನ್ನು ಸಣ್ಣಗೆ ಸಿಂಪಡಿಸುವ ಕೈಸಾಧನ) ಹಿಡಿದು ಕೆಲಸ ಮಾಡುವ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಈ ಬಾರಿ ಹೆಚ್ಚಿನವು ಒಂದೇ ತೊಂದರೆಯ ಸುತ್ತ ಇವೆ: ಬಣ್ಣದ ಜೊತೆಗೆ ನೀರು ಬರುತ್ತಿದೆ. ಆದ್ದರಿಂದ ಈ ತಿಂಗಳ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಮೊದಲ ಉತ್ತರ ಸ್ವಲ್ಪ ದೀರ್ಘವಾಗಿದೆ. ಉಳಿದವುಗಳಿಗೆ ಅದೇ ಬುನಾದಿಯಾದ್ದರಿಂದ ಅದನ್ನು ಮೊದಲು ಓದಬೇಕೆಂದು ಕೋರುತ್ತೇನೆ.

ಪ್ರಶ್ನೆ: ನಾವು ಮಣ್ಣಿನ ಗಣಪತಿ ಮೂರ್ತಿಗಳನ್ನು ಮಾಡುವವರು. ಮುಖ, ಕಿವಿ, ಸೊಂಡಿಲುಗಳ ನೆರಳು-ಬೆಳಕಿಗೆ ಏರ್‌ಬ್ರಷ್ ಬಳಸುತ್ತೇವೆ. ಮೂರು ಲೀಟರ್ ಟ್ಯಾಂಕ್ ಇರುವ ಸಣ್ಣ ಕಂಪ್ರೆಸರ್ ಇದೆ, ಅದಕ್ಕೇ ಅಂಟಿಕೊಂಡಂತೆ ಮಾಯಿಶ್ಚರ್ ಟ್ರ್ಯಾಪ್ ಕೂಡ ಇದೆ. ಆದರೂ ಕೆಲಸ ಶುರುಮಾಡಿದ ಅರ್ಧ ಗಂಟೆಗೆ ನಾಜಲ್‌ನಿಂದ ನೀರಹನಿ ಸಿಡಿದು ಬಣ್ಣದ ಮೇಲೆ ಚುಕ್ಕೆಗಳಾಗುತ್ತವೆ. ಟ್ರ್ಯಾಪ್ ಬದಲಿಸಿದರೂ ಹೀಗೇ ಆಗುತ್ತಿದೆ. ದೋಷ ಎಲ್ಲಿದೆ? (ಉಡುಪಿ ಜಿಲ್ಲೆಯಿಂದ ಓದುಗರೊಬ್ಬರು)

ಉತ್ತರ: ದೋಷ ನಿಮ್ಮ ಟ್ರ್ಯಾಪ್‌ನಲ್ಲಿಲ್ಲ, ಅದು ಇರುವ ಜಾಗದಲ್ಲಿದೆ. ಹಳೆಯದನ್ನೂ ಹೊಸದನ್ನೂ ನೀವು ಒಂದೇ ಜಾಗದಲ್ಲಿ ಕೂರಿಸಿದ್ದೀರಿ. ಆದ್ದರಿಂದ ಎರಡೂ ಒಂದೇ ರೀತಿ ಸೋತಿವೆ.

ಮಾಯಿಶ್ಚರ್ ಟ್ರ್ಯಾಪ್ ಎಂಬುದು ಗಾಳಿಯನ್ನು ಒಣಗಿಸುವ ಉಪಕರಣವಲ್ಲ. ಒಳಗೆ ಬಂದ ಗಾಳಿಯನ್ನು ಅದು ಸುಳಿಯಂತೆ ತಿರುಗಿಸುತ್ತದೆ, ಆಗ ಭಾರವಾದ ಹನಿಗಳು ಬಟ್ಟಲಿನ ಗೋಡೆಗೆ ತಗುಲಿ ಕೆಳಗಿಳಿಯುತ್ತವೆ, ಉಳಿದ ಸಣ್ಣ ಹನಿಗಳನ್ನು ಒಳಗಿನ ರಂಧ್ರಮಯ ಫಿಲ್ಟರ್ ತಡೆಯುತ್ತದೆ. ಅಂದರೆ ಅದು ಹಿಡಿಯುವುದು ಆಗಲೇ ಹನಿಯಾಗಿರುವ ನೀರನ್ನು ಮಾತ್ರ. ಆವಿಯ ರೂಪದಲ್ಲಿರುವ ನೀರು ಗಾಳಿಯಷ್ಟೇ ಸಲೀಸಾಗಿ ಫಿಲ್ಟರ್ ದಾಟಿ, ಮುಂದೆ ತಣ್ಣಗಿನ ಹೋಸ್‌ನೊಳಗೆ ಹನಿಯಾಗುತ್ತದೆ. ಅಲ್ಲಿ ಅದನ್ನು ಹಿಡಿಯುವವರು ಯಾರೂ ಇಲ್ಲ.

ಇದನ್ನು ಲೆಕ್ಕ ಹಾಕಿ ನೋಡಿದರೆ ನಿಮ್ಮ ಅರ್ಧ ಗಂಟೆಯ ಗುಟ್ಟು ಬಯಲಾಗುತ್ತದೆ. ಕರಾವಳಿಯ ಆಷಾಢದ ಒಂದು ದಿನ, 28 ಡಿಗ್ರಿ ಸೆಲ್ಸಿಯಸ್ ಉಷ್ಣತೆ, 90 ಶೇಕಡಾ ಆರ್ದ್ರತೆ ಎಂದುಕೊಳ್ಳೋಣ. ಆ ಗಾಳಿಯ ಒಂದು ಘನ ಮೀಟರಿನಲ್ಲಿ ಸುಮಾರು 24 ಗ್ರಾಂ ನೀರಾವಿ ಇರುತ್ತದೆ. ಏರ್‌ಬ್ರಷ್ ನಿಮಿಷಕ್ಕೆ ಸುಮಾರು 15 ಲೀಟರ್ ಗಾಳಿ ಬೇಡುತ್ತದೆ ಎಂದಿಟ್ಟುಕೊಂಡರೆ, ಬಿಡುವಿಲ್ಲದ ಒಂದು ಗಂಟೆಯಲ್ಲಿ ಕಂಪ್ರೆಸರ್ ಒಳಗೆಳೆದುಕೊಳ್ಳುವ ನೀರು 22 ಗ್ರಾಂ. ಟ್ಯಾಂಕ್‌ನಲ್ಲಿ 60 ಪಿಎಸ್‌ಐ ಒತ್ತಡವಿದ್ದಾಗ ಗಾಳಿ ತನ್ನ ಗಾತ್ರದ ಐದನೇ ಒಂದು ಭಾಗಕ್ಕೆ ಕುಗ್ಗಿರುತ್ತದೆ; ಆದರೆ ಒಂದು ಘನ ಮೀಟರ್ ಜಾಗದಲ್ಲಿ ಆವಿಯಾಗಿ ನಿಲ್ಲಬಲ್ಲ ನೀರು ಒತ್ತಡವನ್ನು ನೋಡುವುದಿಲ್ಲ, ಉಷ್ಣತೆಯನ್ನಷ್ಟೇ ನೋಡುತ್ತದೆ, ಮತ್ತು 28 ಡಿಗ್ರಿಯಲ್ಲಿ ಆ ಮಿತಿ 27 ಗ್ರಾಂ. ಹೀಗಾಗಿ ಟ್ಯಾಂಕ್ ತಣ್ಣಗಿದ್ದರೆ, ಐದನೇ ಒಂದು ಭಾಗಕ್ಕೆ ಕುಗ್ಗಿದ ಆ ಒಂದು ಗಂಟೆಯ ಗಾಳಿ ಸುಮಾರು ಐದು ಗ್ರಾಂ ಆವಿಯನ್ನಷ್ಟೇ ಹೊರಬಲ್ಲದು; 22 ಗ್ರಾಂ ನೀರಿನಲ್ಲಿ ಉಳಿದ 17 ಗ್ರಾಂ, ಅಂದರೆ ಮೂರು ಟೀ ಚಮಚಕ್ಕೂ ಹೆಚ್ಚು ನೀರು, ಟ್ಯಾಂಕ್‌ನ ತಳದಲ್ಲೇ ಇಳಿದು ನಿಲ್ಲುತ್ತದೆ. ಕೆಲಸ ಆರಂಭಿಸಿದ ಹೊತ್ತಿನಲ್ಲಿ ನಿಮಗೆ ತೊಂದರೆ ಕಾಣದಿರುವುದಕ್ಕೆ ಇದೇ ಕಾರಣ.

ಆದರೆ ಗಾಳಿಯನ್ನು ಒತ್ತಿದಾಗ ಅದು ಬಿಸಿಯಾಗುತ್ತದೆ. ಸೈಕಲ್ ಪಂಪಿನ ಬುಡ ಮುಟ್ಟಿದವರಿಗೆಲ್ಲ ಇದು ಗೊತ್ತು. ಮೂರು ಲೀಟರಿನ ಟ್ಯಾಂಕ್ ಆ ಬಿಸಿಯನ್ನು ಬಿಟ್ಟುಕೊಡಲು ಸಾಲದು. ಅರ್ಧ ಗಂಟೆಯಲ್ಲಿ ಅದರ ಮೈ 45 ಡಿಗ್ರಿಗೆ ಏರಿತೆಂದರೆ, ಅದೇ ಒಂದು ಘನ ಮೀಟರ್ ಜಾಗ 27 ಗ್ರಾಂ ಬದಲು 65 ಗ್ರಾಂ ಆವಿಯನ್ನು ಹೊರಬಲ್ಲದು. ಅಷ್ಟೂ ಆವಿ ನಿಮ್ಮ ಟ್ರ್ಯಾಪ್ ದಾಟುತ್ತದೆ. ರೆಗ್ಯುಲೇಟರ್ ಅದನ್ನು 35 ಪಿಎಸ್‌ಐಗೆ ಇಳಿಸಿದಾಗ ಗಾಳಿ ಹಿಗ್ಗಿ ಘನ ಮೀಟರಿಗೆ 43 ಗ್ರಾಂ ಆಗುತ್ತದೆ, ಬಳಿಕ ಹೋಸ್‌ನಲ್ಲಿ ಕೋಣೆಯ ಉಷ್ಣತೆಗೆ ತಣಿದಾಗ ಮಿತಿ ಮತ್ತೆ 27. ನಡುವಿನ 16 ಗ್ರಾಂ ಹನಿಯಾಗದೆ ಬೇರೆ ದಾರಿಯಿಲ್ಲ. ನಿಮ್ಮ ಗಣಪತಿಯ ಸೊಂಡಿಲ ಮೇಲೆ ಬಿದ್ದದ್ದು ಆ ನೀರು.

ಇನ್ನು ಪರಿಹಾರ. ಗಾಳಿ ಒತ್ತಡದಲ್ಲಿರುವಾಗಲೇ ತಣಿಯಬೇಕು, ತಣಿದ ಮೇಲೆ ಟ್ರ್ಯಾಪ್ ಹೊಗಬೇಕು, ಟ್ರ್ಯಾಪ್ ದಾಟಿದ ಮೇಲೆ ರೆಗ್ಯುಲೇಟರ್‌ನಲ್ಲಿ ಒತ್ತಡ ಇಳಿಯಬೇಕು. ಈ ಕ್ರಮ ತಪ್ಪಿದರೆ ಎಷ್ಟು ದುಬಾರಿ ಟ್ರ್ಯಾಪ್ ತಂದರೂ ಪ್ರಯೋಜನವಿಲ್ಲ. ಟ್ಯಾಂಕ್ ಮತ್ತು ಟ್ರ್ಯಾಪ್‌ಗಳ ನಡುವೆ ಮೂರು ನಾಲ್ಕು ಮೀಟರ್ ತಾಮ್ರದ ನಳಿಗೆಯನ್ನು ಸುರುಳಿ ಸುತ್ತಿ ಸೇರಿಸಿ. ಏಸಿ, ಫ್ರಿಜ್ ರಿಪೇರಿಯವರ ಬಳಿ ಸಿಗುವ ಕಾಲಂಗುಲದ ನಳಿಗೆಯೇ ಸಾಕು. ಅದು ಇದಕ್ಕಿಂತ ಎಷ್ಟೋ ಹೆಚ್ಚಿನ ಒತ್ತಡ ತಾಳುವಂಥದ್ದು, ಮತ್ತು ಅದರ ತುದಿಗಳನ್ನು ಬಿಗಿಯಾಗಿ ಜೋಡಿಸುವ ಕೌಶಲವೂ ಅವರಲ್ಲೇ ಇರುತ್ತದೆ. ಸುರುಳಿಯ ಮುಂದೆ ಟೇಬಲ್ ಫ್ಯಾನ್ ಇಡಿ. ಮುಖ್ಯವಾದ ಮಾತೆಂದರೆ, ಸುರುಳಿ ಮೇಲಿನಿಂದ ಕೆಳಕ್ಕೆ ಇಳಿಜಾರಾಗಿರಬೇಕು, ಅದರ ಕೊನೆಯಲ್ಲಿ ಟ್ರ್ಯಾಪ್ ಇರಬೇಕು. ನಡುವೆ ಎಲ್ಲಾದರೂ ತಗ್ಗಿದ್ದರೆ ಅಲ್ಲಿ ನೀರು ನಿಂತು, ಒಮ್ಮೆಲೇ ಗುಳುಂ ಎಂದು ನುಗ್ಗುತ್ತದೆ. ಸುರುಳಿಯನ್ನು ನೀರಿನ ಬಕೆಟ್‌ನಲ್ಲಿ ಮುಳುಗಿಸುವವರೂ ಇದ್ದಾರೆ. ಅದು ಇನ್ನೂ ಚೆನ್ನಾಗಿ ತಣಿಸುತ್ತದೆ, ಆದರೆ ಕೊಳವೆ ಬಕೆಟ್‌ನ ಅಂಚು ಹತ್ತಿ ಹೊರಬರುವಂತಿದ್ದರೆ ಇದೇ ತಗ್ಗು ಅಲ್ಲಿಯೂ ಉಂಟಾಗುತ್ತದೆ. ತಳದ ಬಳಿ ತೂತು ಕೊರೆದು ನಳಿಗೆಯನ್ನು ಅಲ್ಲಿಂದ ಹೊರತೆಗೆಯುವುದೇ ಸರಿ. ಮನೆಯ ನಲ್ಲಿಗೆ ಬಳಸುವ ಪಿವಿಸಿ ಪೈಪನ್ನು ಮಾತ್ರ ಒತ್ತಡದ ಗಾಳಿಗೆ ಎಂದೂ ಬಳಸಬೇಡಿ. ಅದು ಸೋರುವುದಿಲ್ಲ, ಚೂರುಚೂರಾಗಿ ಸಿಡಿಯುತ್ತದೆ.

ಇಷ್ಟನ್ನು ಇಂದೇ ಮಾಡಲಾಗದಿದ್ದರೆ, ಟ್ಯಾಂಕ್‌ಗೆ ನೇರವಾಗಿ ಫ್ಯಾನ್ ಹಿಡಿದು ಅದರ ಮೈ 32 ಡಿಗ್ರಿ ಮೀರದಂತೆ ನೋಡಿಕೊಂಡರೂ ಮೇಲಿನ ಲೆಕ್ಕದಲ್ಲಿ ಹೋಸ್‌ನೊಳಗೆ ಹನಿಗಟ್ಟುವ ಪ್ರಮೇಯವಿಲ್ಲ. ಕೆಲಸವನ್ನು 35ರ ಬದಲು 20 ಪಿಎಸ್‌ಐಯಲ್ಲಿ ಮಾಡಲು ಸಾಧ್ಯವಾದರೆ, ಬಣ್ಣವನ್ನು ಇನ್ನಷ್ಟು ತೆಳುಮಾಡಿಕೊಂಡು ಪ್ರಯತ್ನಿಸಿ; ಟ್ಯಾಂಕ್ ಒತ್ತಡಕ್ಕೂ ಕೆಲಸದ ಒತ್ತಡಕ್ಕೂ ಅಂತರ ಹೆಚ್ಚಿದಷ್ಟೂ ಗಾಳಿ ಒಣಗುತ್ತದೆ. ಇವೆಲ್ಲದರ ಜೊತೆಗೆ ಏರ್‌ಬ್ರಷ್‌ನ ಕೆಳಗೇ ಜೋಡಿಸುವ ಹೆಬ್ಬೆರಳು ಗಾತ್ರದ ಟ್ರ್ಯಾಪ್ ಒಂದನ್ನು ಹಾಕಿಕೊಳ್ಳಿ. ಕೈಗೆ ತುಸು ಭಾರ ಎನಿಸಬಹುದು. ಆದರೂ ಹೋಸ್‌ನಲ್ಲಿ ಅಳಿದುಳಿದ ಹನಿಯನ್ನು ಹಿಡಿಯುವ ಕೊನೆಯ ಜಾಗ ಅದೊಂದೇ, ಮತ್ತು ಚೌತಿಗೆ ಮುಂಚಿನ ವಾರದಲ್ಲಿ ಒಂದು ಮುಖವನ್ನು ಮತ್ತೆ ಬರೆಯುವ ಕಷ್ಟದ ಮುಂದೆ ಆ ಭಾರ ದೊಡ್ಡದಲ್ಲ.

ಪ್ರಶ್ನೆ: ನಾನು ಶಾರ್ಜಾದಲ್ಲಿದ್ದೇನೆ. ಬಿಡುವಿನಲ್ಲಿ ವಿಮಾನಗಳ ಸ್ಕೇಲ್ ಮಾಡೆಲ್ ಕಟ್ಟಿ ಬಣ್ಣ ಹಾಕುತ್ತೇನೆ. ಸದ್ದು ಬೇಡವೆಂದು ಕಂಪ್ರೆಸರನ್ನು ಬಾಲ್ಕನಿಯಲ್ಲಿಟ್ಟು, ಹೋಸನ್ನು ಏಸಿ ಕೋಣೆಯೊಳಗೆ ತಂದಿದ್ದೇನೆ. ಕೋಣೆ ಒಣಗಿದ್ದರೂ ಏರ್‌ಬ್ರಷ್‌ನಲ್ಲಿ ನೀರು ಬರುತ್ತದೆ. (ಹೊರನಾಡ ಓದುಗರೊಬ್ಬರು)

ಉತ್ತರ: ಕೋಣೆಯ ಗಾಳಿ ಒಣಗಿದ್ದರೂ ನಿಮ್ಮ ಏರ್‌ಬ್ರಷ್ ಉಸಿರಾಡುತ್ತಿರುವುದು ಬಾಲ್ಕನಿಯ ಗಾಳಿಯನ್ನು. ಕೊಲ್ಲಿಯ ಬೇಸಿಗೆಯ ಸಂಜೆ 35 ಡಿಗ್ರಿಯೂ 70 ಶೇಕಡಾ ಆರ್ದ್ರತೆಯೂ ಇದ್ದರೆ ಒಂದು ಘನ ಮೀಟರಿನಲ್ಲಿ ಸುಮಾರು 28 ಗ್ರಾಂ ನೀರಾವಿ ಇರುತ್ತದೆ. ಏಸಿ ಕೋಣೆಯಲ್ಲಿ 24 ಡಿಗ್ರಿ, 50 ಶೇಕಡಾ ಇದ್ದರೆ 11 ಗ್ರಾಂ ಮಾತ್ರ. ಹೊರಗಿನ ಗಾಳಿಯನ್ನು ಒತ್ತಿ ತಣ್ಣಗಿನ ಕೋಣೆಯೊಳಗಿನ ಹೋಸ್‌ಗೆ ಬಿಡುವುದೆಂದರೆ, ಆ ಹೋಸನ್ನೇ ತಣಿಸುವ ಯಂತ್ರವನ್ನಾಗಿ ಮಾಡಿಕೊಂಡಂತೆ. ಕಂಪ್ರೆಸರನ್ನು ಒಳಗೆ ತನ್ನಿ. ನಿಮ್ಮ ಏಸಿ ಆಗಲೇ ಗಾಳಿಯಿಂದ ನೀರು ಹಿಂಡಿ ಹೊರಗಿನ ಪೈಪಿನಲ್ಲಿ ಸುರಿಸುತ್ತಿದೆ, ಆ ಕೆಲಸದ ಲಾಭವನ್ನು ಬಿಡಬೇಡಿ. ಸದ್ದು ತಡೆಯಲಾಗದಿದ್ದರೆ ಕಂಪ್ರೆಸರ್ ಹೊರಗೇ ಇರಲಿ, ಟ್ರ್ಯಾಪ್ ಮತ್ತು ರೆಗ್ಯುಲೇಟರ್ ಎರಡನ್ನೂ ಬಿಚ್ಚಿ ಕೋಣೆಯೊಳಗಿನ ಗೋಡೆಗೆ ಹಾಕಿ, ಅವುಗಳಿಗೆ ಮುನ್ನ ಕನಿಷ್ಠ ಮೂರು ಮೀಟರ್ ಹೋಸ್ ಕೋಣೆಯ ತಂಪಿನಲ್ಲಿ ಓಡುವಂತೆ ಮಾಡಿ. ಆ ಹೋಸ್ ಟ್ಯಾಂಕ್‌ನ ಪೂರ್ಣ ಒತ್ತಡ ತಾಳುವಂಥದ್ದಾಗಿರಬೇಕು.

ಪ್ರಶ್ನೆ: ನಾನು ಕೇಕ್ ಅಲಂಕಾರ ಮಾಡುತ್ತೇನೆ. ಫಾಂಡೆಂಟ್ (ಕೇಕಿಗೆ ಹೊದಿಸುವ ಸಕ್ಕರೆಯ ಹಾಳೆ) ಮೇಲೆ ಏರ್‌ಬ್ರಷ್‌ನಿಂದ ಬಣ್ಣ ಹಾಕುವಾಗ ಅಲ್ಲಲ್ಲಿ ಸಕ್ಕರೆ ಕರಗಿ ಗುಳಿ ಬೀಳುತ್ತದೆ. ಹೋಸ್‌ಗೆ ಸಿಲಿಕಾ ಜೆಲ್ ತುಂಬಿದ ಡ್ರೈಯರ್ ಹಾಕಬಹುದೇ? ನೀಲಿ ಬಣ್ಣದ ಹರಳು ಅಂಗಡಿಯಲ್ಲಿ ಸಿಗುತ್ತದೆ. (ಮೈಸೂರಿನಿಂದ ಓದುಗರೊಬ್ಬರು)

ಉತ್ತರ: ಡ್ರೈಯರ್ ಹಾಕಬಹುದು, ನೀಲಿ ಹರಳು ಬೇಡ. ಅದಕ್ಕೆ ನೀಲಿ ಬಣ್ಣ ಬರುವುದು ಕೋಬಾಲ್ಟ್ ಕ್ಲೋರೈಡ್‌ನಿಂದ. ನೀರು ಹೀರಿದಾಗ ಗುಲಾಬಿಯಾಗುವುದು ಅದೇ ಲವಣ, ಮತ್ತು ಅದು ವಿಷಕಾರಿ. ಹರಳುಗಳು ಒಂದಕ್ಕೊಂದು ಉಜ್ಜಿ ಪುಡಿಯಾಗುವುದುಂಟು. ಮಕ್ಕಳು ತಿನ್ನುವ ಕೇಕಿನ ಮೇಲೆ ಹಾಯುವ ಗಾಳಿಯ ದಾರಿಯಲ್ಲಿ ಅಂಥ ಪುಡಿಗೆ ಜಾಗವಿರಬಾರದು. ಬಣ್ಣವಿಲ್ಲದ ಬಿಳಿ ಸಿಲಿಕಾ ಜೆಲ್ ಬಳಸಿ, ಮತ್ತು ಡ್ರೈಯರ್‌ನ ನಂತರ ಸಣ್ಣ ರಂಧ್ರದ ಫಿಲ್ಟರ್ ಒಂದು ಕಡ್ಡಾಯವಾಗಿ ಇರಲಿ.

ಬಿಳಿ ಹರಳು ಬಣ್ಣ ಬದಲಿಸಿ ಸುಳಿವು ಕೊಡುವುದಿಲ್ಲವಾದ್ದರಿಂದ ಅದನ್ನು ತೂಗಿ ತಿಳಿಯಬೇಕು. ಕೇಕ್ ಮಾಡುವವರ ಮನೆಯಲ್ಲಿ ಗ್ರಾಂ ತಕ್ಕಡಿಗೆ ಬರವಿಲ್ಲ. ಸಿಲಿಕಾ ಜೆಲ್ ತನ್ನ ತೂಕದ ಐದನೇ ಒಂದು ಭಾಗದಷ್ಟು ನೀರನ್ನು ಹಿಡಿಯುತ್ತದೆ ಎಂದು ಎಣಿಸಿ, 100 ಗ್ರಾಂ ಹಾಕಿದ್ದು 120 ಗ್ರಾಂ ಆಯಿತೆಂದರೆ ತೆಗೆದುಬಿಡಿ. ಸುಮಾರು 120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಬಿಸಿಮಾಡಿ, ತೂಕ ಮತ್ತೆ 100ಕ್ಕೆ ಇಳಿದರೆ ಅದು ಹೊಸದಾದಂತೆಯೇ. ಆರಿದೊಡನೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿಡಿ, ಇಲ್ಲವಾದರೆ ಅಡುಗೆಮನೆಯ ಗಾಳಿಯಿಂದಲೇ ಅದು ತುಂಬಿಕೊಳ್ಳುತ್ತದೆ.

ಆದರೆ ಡ್ರೈಯರನ್ನು ಟ್ರ್ಯಾಪ್‌ಗೆ ಬದಲಾಗಿ ಹಾಕುವ ತಪ್ಪನ್ನು ಮಾಡಬೇಡಿ. ಮೊದಲ ಉತ್ತರದಲ್ಲಿ ಹೇಳಿದ ಮಳೆಗಾಲದ ಗಾಳಿಯಲ್ಲಿ ಗಂಟೆಗೆ 22 ಗ್ರಾಂ ನೀರು ಬರುತ್ತದೆ. 100 ಗ್ರಾಂ ಹರಳು ಒಂದು ಗಂಟೆಯೂ ತಾಳದು. ಗಾಳಿಯನ್ನು ತಣಿಸಿ, ಟ್ರ್ಯಾಪ್‌ನಲ್ಲಿ 17 ಗ್ರಾಂ ಕಳೆದು ಕಳಿಸಿದರೆ ಹರಳಿನ ಪಾಲಿಗೆ ಬರುವುದು ಐದೇ ಗ್ರಾಂ, ಆಗ ಅದು ನಾಲ್ಕು ಗಂಟೆ ದುಡಿಯುತ್ತದೆ. ಅಲ್ಲದೆ ಹನಿ ನೀರು ನೇರವಾಗಿ ತಗುಲಿದರೆ ಸಿಲಿಕಾ ಹರಳು ಚಟಪಟನೆ ಒಡೆದು ಪುಡಿಯಾಗುತ್ತದೆ. ಹರಳು ತುಂಬುವ ಪಾತ್ರೆ ಒತ್ತಡಕ್ಕೆಂದೇ ಮಾಡಿದ್ದಾಗಿರಬೇಕು, ಜಾಮ್ ಬಾಟಲಿಗೆ ತೂತು ಹೊಡೆದು ಬಳಸುವ ವಿಚಾರವೇ ಬೇಡ.

ಇನ್ನೊಂದು ಮಾತು. ಫಾಂಡೆಂಟ್‌ನ ಗುಳಿಗಳು ಎಲ್ಲ ಸಲವೂ ಹೋಸ್‌ನ ನೀರಿನಿಂದಲೇ ಆಗುವುದಿಲ್ಲ. ನೀರು ಆಧಾರದ ಬಣ್ಣವನ್ನು ಹತ್ತಿರದಿಂದ ದಪ್ಪಗೆ ಹಾಕಿದರೂ ಸಕ್ಕರೆ ಕರಗುತ್ತದೆ. ಬಣ್ಣದ ಬಟ್ಟಲು ಖಾಲಿಮಾಡಿ, ಒಂದು ಒಣ ಕನ್ನಡಿಯ ಮೇಲೆ ಐದು ನಿಮಿಷ ಬರೀ ಗಾಳಿ ಹಾಯಿಸಿ ನೋಡಿ. ಕನ್ನಡಿ ಸ್ವಚ್ಛವಾಗಿ ಉಳಿದರೆ ಗಾಳಿಯನ್ನು ದೂರಬೇಕಾಗಿಲ್ಲ.

ಪ್ರಶ್ನೆ: ಲ್ಯಾಕರ್ ಬಣ್ಣ ಹಾಕಿದ ಕೆಲವೇ ನಿಮಿಷಗಳಲ್ಲಿ ಮೇಲ್ಮೈ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ಟ್ರ್ಯಾಪ್, ಡ್ರೈಯರ್ ಎಲ್ಲ ಹಾಕಿದ್ದೇನೆ. ಇನ್ನೂ ಯಾವ ಫಿಲ್ಟರ್ ಬೇಕು? (ಬೆಂಗಳೂರಿನ ಕಲಾ ವಿದ್ಯಾರ್ಥಿ)

ಉತ್ತರ: ಯಾವುದೂ ಬೇಡ. ದಯವಿಟ್ಟು ಇನ್ನು ಫಿಲ್ಟರ್‌ಗಳಿಗೆ ಹಣ ಹಾಕಬೇಡಿ. ನೀವು ಕಾಣುತ್ತಿರುವ ನೀರು ಹೋಸ್‌ನಿಂದ ಬಂದದ್ದಲ್ಲ, ನಿಮ್ಮ ಕೋಣೆಯ ಗಾಳಿಯಿಂದ ಇಳಿದದ್ದು. ಲ್ಯಾಕರ್‌ನ ತಿನ್ನರ್ ಬೇಗನೆ ಆವಿಯಾಗುವಾಗ, ಅಂಗೈಗೆ ಹಾಕಿದ ಸ್ಪಿರಿಟ್ ತಣ್ಣಗೆನಿಸುವಂತೆ, ಮೇಲ್ಮೈಯ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಬೆಂಗಳೂರಿನ ಮಳೆಯ ಸಂಜೆ 23 ಡಿಗ್ರಿ, 90 ಶೇಕಡಾ ಆರ್ದ್ರತೆ ಇದ್ದರೆ ಇಬ್ಬನಿಗಟ್ಟುವ ಉಷ್ಣತೆ 21 ಡಿಗ್ರಿಗಿಂತ ಸ್ವಲ್ಪ ಮೇಲಿರುತ್ತದೆ. ಮೇಲ್ಮೈ ಎರಡು ಡಿಗ್ರಿ ತಣಿದರೂ ಸಾಕು, ಅದರ ಮೇಲೆ ಕಣ್ಣಿಗೆ ಕಾಣದ ಇಬ್ಬನಿ ಕೂತು ಒದ್ದೆ ಬಣ್ಣದೊಳಗೆ ಸೇರುತ್ತದೆ. ಗುರುತಿಸುವ ಬಗೆ ಸುಲಭ: ಹೋಸ್‌ನ ನೀರು ಚುಕ್ಕೆ ಚುಕ್ಕೆಯಾಗಿ ಬೀಳುತ್ತದೆ, ಕೋಣೆಯ ತೇವ ಹರಡಿದ ಮಂಜಿನಂತೆ ಬೆಳ್ಳಗಾಗಿಸುತ್ತದೆ.

ನಿಧಾನವಾಗಿ ಆರುವ ರಿಟಾರ್ಡರ್ ತಿನ್ನರನ್ನು ಸ್ವಲ್ಪ ಬೆರೆಸಿ, ತೆಳು ಪದರಗಳಾಗಿ ಹಾಕಿ, ಮತ್ತು ಆರ್ದ್ರತೆ 80 ಶೇಕಡಾ ದಾಟಿದ ಹೊತ್ತಿನಲ್ಲಿ ಲ್ಯಾಕರ್ ಕೆಲಸ ನಿಲ್ಲಿಸಿ. ಇಬ್ಬನಿಗಟ್ಟುವ ಉಷ್ಣತೆಗಿಂತ ವಸ್ತುವಿನ ಮೈ ಕನಿಷ್ಠ ಮೂರು ಡಿಗ್ರಿ ಬೆಚ್ಚಗಿರಬೇಕೆಂಬುದು ಉಕ್ಕಿನ ಸೇತುವೆಗಳಿಗೆ ಬಣ್ಣ ಹಾಕುವವರೂ ಪಾಲಿಸುವ ನಿಯಮ. ಈಗಾಗಲೇ ಬೆಳ್ಳಗಾದ ಭಾಗದ ಮೇಲೆ ರಿಟಾರ್ಡರ್ ತಿನ್ನರನ್ನಷ್ಟೇ ಹಗುರವಾಗಿ ಸಿಂಪಡಿಸಿದರೆ ಹಲವು ಸಲ ಬಣ್ಣ ಮತ್ತೆ ಕರಗಿ, ಸಿಕ್ಕಿದ್ದ ತೇವ ಹೊರಹೋಗಿ ತಿಳಿಯಾಗುತ್ತದೆ.

ಪ್ರಶ್ನೆ: ಹಳೆಯ ಫ್ರಿಜ್ಜಿನ ಕಂಪ್ರೆಸರ್‌ನಿಂದ ಸದ್ದಿಲ್ಲದ ಯಂತ್ರ ಮಾಡಿಕೊಂಡಿದ್ದೇನೆ. ಟ್ರ್ಯಾಪ್‌ನಲ್ಲಿ ನೀರು ಹಿಡಿಯುತ್ತಿದೆ, ಆದರೂ ಬಣ್ಣದಲ್ಲಿ ದುಂಡನೆಯ ಗುಳಿಗಳು ಏಳುತ್ತವೆ. (ಹುಬ್ಬಳ್ಳಿಯಿಂದ ಓದುಗರೊಬ್ಬರು)

ಉತ್ತರ: ಅದು ಎಣ್ಣೆ. ಫ್ರಿಜ್ಜಿನ ಕಂಪ್ರೆಸರ್ ಎಣ್ಣೆಯಲ್ಲಿ ಮುಳುಗಿ ಓಡುವ ಯಂತ್ರ, ಮಂಜಿನಂಥ ಎಣ್ಣೆಯನ್ನು ಗಾಳಿಯ ಜೊತೆ ಸದಾ ಕಳಿಸುತ್ತದೆ, ಮತ್ತು ನೀರಿನ ಟ್ರ್ಯಾಪ್ ಅಷ್ಟು ಸೂಕ್ಷ್ಮ ಹನಿಯನ್ನು ಹಿಡಿಯಲಾರದು. ಬಿಳಿ ಕಾಗದದ ಮೇಲೆ ಬರೀ ಗಾಳಿ ಹಾಯಿಸಿ ಒಂದು ಗಂಟೆ ಬಿಡಿ: ನೀರಿನ ಕಲೆ ಆರಿಹೋಗುತ್ತದೆ, ಎಣ್ಣೆಯ ಕಲೆ ಉಳಿಯುತ್ತದೆ. ಟ್ರ್ಯಾಪ್‌ನ ಬಳಿಕ ಎಣ್ಣೆ ಮಂಜಿಗೆಂದೇ ಮಾಡಿದ ಕೋಅಲೆಸಿಂಗ್ ಫಿಲ್ಟರ್ ಹಾಕಿ. ಸಿಲಿಕಾ ಜೆಲ್ ಇದ್ದರೆ ಅದು ಈ ಫಿಲ್ಟರ್‌ನ ನಂತರವೇ ಬರಬೇಕು, ಏಕೆಂದರೆ ಎಣ್ಣೆ ಹತ್ತಿದ ಹರಳು ಬಿಸಿಮಾಡಿದರೂ ಸುಧಾರಿಸುವುದಿಲ್ಲ.

ಪ್ರಶ್ನೆ: ಟ್ರ್ಯಾಪ್ ಮತ್ತು ಟ್ಯಾಂಕ್‌ಗಳನ್ನು ಎಷ್ಟು ದಿನಕ್ಕೊಮ್ಮೆ ಬರಿದುಮಾಡಬೇಕು? (ಶಿರಸಿಯಿಂದ ಓದುಗರೊಬ್ಬರು)

ಉತ್ತರ: ದಿನದ ಲೆಕ್ಕ ಬೇಡ. ಟ್ಯಾಂಕ್‌ನ ತಳದ ತಿರುಪನ್ನು ಪ್ರತಿ ಸಲ ಕೆಲಸ ಮುಗಿದ ಮೇಲೆ, ಒಳಗೆ ಸ್ವಲ್ಪ ಒತ್ತಡ ಉಳಿದಿರುವಾಗಲೇ ಸಡಿಲಿಸಿ. ನೀರು ತಾನಾಗಿ ಚಿಮ್ಮಿ ಹೋಗುತ್ತದೆ. ಅಲ್ಲಿ ನಿಂತ ನೀರು ಕಬ್ಬಿಣವನ್ನು ಒಳಗಿನಿಂದ ತಿನ್ನುತ್ತದೆ, ಹೊರಗಿನ ಬಣ್ಣ ಹೊಳೆಯುತ್ತಿದ್ದರೂ ಗೋಡೆ ತೆಳುವಾಗುತ್ತಿರುತ್ತದೆ. ಕಂದು ನೀರು ಬರತೊಡಗಿದರೆ ಟ್ಯಾಂಕನ್ನು ಪರೀಕ್ಷೆ ಮಾಡಿಸಿ. ಟ್ರ್ಯಾಪ್‌ನ ಬಟ್ಟಲನ್ನು ಕೆಲಸದ ನಡುವೆಯೂ ಗಮನಿಸುತ್ತಿರಿ, ಏಕೆಂದರೆ ನೀರು ಒಳಗಿನ ತಟ್ಟೆಯ ಮಟ್ಟಕ್ಕೆ ಏರಿದರೆ ಹಿಡಿದ ನೀರನ್ನೇ ಗಾಳಿ ಮತ್ತೆ ಹೊತ್ತೊಯ್ಯುತ್ತದೆ. ಪಾರದರ್ಶಕ ಬಟ್ಟಲು ಸಾಮಾನ್ಯವಾಗಿ ಪಾಲಿಕಾರ್ಬೊನೇಟ್. ಅದನ್ನು ಸೋಪುನೀರಿನಲ್ಲಿ ಮಾತ್ರ ತೊಳೆಯಿರಿ. ತಿನ್ನರ್ ಅಥವಾ ಅಸಿಟೋನ್ ತಗುಲಿದರೆ ಕೂದಲೆಳೆಯಂಥ ಬಿರುಕು ಮೂಡಿ, ಒತ್ತಡದಲ್ಲಿ ಬಟ್ಟಲು ಒಡೆಯುವ ಅಪಾಯವಿದೆ.

ಪ್ರಶ್ನೆ: ಕಂಪ್ರೆಸರ್ ಬಿಟ್ಟು ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಬಳಸಿದರೆ ತೇವದ ಕಾಟವೇ ಇರುವುದಿಲ್ಲ ಎನ್ನುತ್ತಾರೆ. ನಿಜವೇ? (ಮಡಿಕೇರಿಯಿಂದ ಓದುಗರೊಬ್ಬರು)

ಉತ್ತರ: ನಿಜ. ಸಿಲಿಂಡರ್‌ನಿಂದ ಬರುವ ಅನಿಲ ಬಹಳ ಒಣಗಿದ್ದು, ಸದ್ದೂ ಇಲ್ಲ. ಕೊಡಗಿನ ಮಳೆಗೆ ಹೇಳಿಮಾಡಿಸಿದ್ದೆನ್ನಬಹುದು, ಆದರೆ ಲೆಕ್ಕ ಹಾಕಿ ನಿರ್ಧರಿಸಿ. ಒಂದು ಕಿಲೋ ಕಾರ್ಬನ್ ಡೈಆಕ್ಸೈಡ್‌ನಿಂದ ಸಿಗುವ ಅನಿಲ ಸುಮಾರು 540 ಲೀಟರ್. ನಿಮಿಷಕ್ಕೆ 15 ಲೀಟರಿನಂತೆ ಅದು 36 ನಿಮಿಷಕ್ಕೆ ಮುಗಿಯುತ್ತದೆ. ಐದು ಕಿಲೋ ಸಿಲಿಂಡರ್ ಬಿಡದೆ ಸಿಂಪಡಿಸಿದರೆ ಮೂರು ಗಂಟೆ. ಭಾನುವಾರದ ಹವ್ಯಾಸಕ್ಕೆ ಇದು ಸಾಕಾದೀತು, ದಿನದ ದುಡಿಮೆಗೆ ತಾಮ್ರದ ಸುರುಳಿಯ ದಾರಿಯೇ ಅಗ್ಗ. 20 ಡಿಗ್ರಿಯಲ್ಲಿ ಸಿಲಿಂಡರ್‌ನೊಳಗೆ ವಾಯುಭಾರದ 50 ಪಟ್ಟು ಮೀರಿದ ಒತ್ತಡವಿರುವುದರಿಂದ ಆ ಅನಿಲಕ್ಕೆಂದೇ ಮಾಡಿದ ರೆಗ್ಯುಲೇಟರ್ ಬೇಕು; ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಗೋಡೆಗೆ ಸರಪಳಿ ಕಟ್ಟಿ, ಮಲಗಿಸಿದರೆ ದ್ರವವೇ ರೆಗ್ಯುಲೇಟರ್‌ಗೆ ನುಗ್ಗುತ್ತದೆ. ಈ ಅನಿಲ ಗಾಳಿಗಿಂತ ಭಾರ, ಮುಚ್ಚಿದ ಕೋಣೆಯ ನೆಲಮಟ್ಟದಲ್ಲಿ ಸೇರಿಕೊಂಡು ಉಸಿರು ಕಟ್ಟಿಸಬಲ್ಲದು. ಹೊರಗೆ ಎಷ್ಟೇ ಮಳೆ ಸುರಿಯುತ್ತಿದ್ದರೂ, ಸಿಲಿಂಡರ್ ತೆರೆದಿರುವಷ್ಟು ಹೊತ್ತು ಕಿಟಕಿ ಮತ್ತು ಬಾಗಿಲು ಎರಡೂ ತೆರೆದಿರಲಿ.